ಡ್ರ್ಯಾಗನ್ನಿಗೆ ಹುಣಸೆಹಣ್ಣು

ಗ್ಲೆಂಡೇಲಿನಲ್ಲಿ ನಮ್ಮ ಎದುರಿನ ಅಪಾರ್ಟ್‌ಮೆಂಟಿಗೆ ಇರಾನಿನ ಹೆಂಗಸೊಬ್ಬರು ಬಂದರು. ಅವರ ದೇಶದಲ್ಲಿ ಕ್ರಾಂತಿಯ ಗಲಾಟೆ ಶುರುವಾದಾಗ ಒಂದೇ ಸೂಟ್‌ಕೇಸ್ ಹಿಡಿದು ಹೊರಟವರು. ಬಟ್ಟೆಯ ನಡುವೆ ಸುತ್ತಿ ಒಂದು ನೀಲಿ ಪಿಂಗಾಣಿ ತಟ್ಟೆ ತಂದಿದ್ದರು. ಅದರ ಮೇಲೆ ಮೋಡಗಳ ನಡುವೆ ಹೊರಳುವ ಡ್ರ್ಯಾಗನ್, ಮೈತುಂಬ ಚಿನ್ನ. ಬಹಳ ಹಳೆಯ ಕಾಲದ ಮಾದರಿ ನೋಡಿ ಅವರ ಅಜ್ಜ ಮಾಡಿಸಿದ್ದಂತೆ.

ಆಗ ನಾನು ಸಂಜೆ ಕ್ಲಾಸಿನಲ್ಲಿ ಪರ್ಷಿಯಾದ ಕಲೆ ಕಲಿಯುತ್ತಿದ್ದೆ. ಆರು ವಾರದ ಪಾಂಡಿತ್ಯ; ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅನ್ನುತ್ತಾರಲ್ಲ, ಹಾಗೆ. ಮಂಗೋಲರು ಚೀನಾ, ಇರಾನ್ ಎರಡನ್ನೂ ಆಳುತ್ತಿದ್ದಾಗ ರೇಷ್ಮೆಯ ಜೊತೆ ಈ ಡ್ರ್ಯಾಗನ್, ಕಮಲ, ಸುರುಳಿ ಮೋಡ ಎಲ್ಲ ಚೀನಾದಿಂದ ಬಂದವು ಎಂದು ಆಕೆಗೇ ಪಾಠ ಹೇಳಿದೆ. ಆಕೆ ಚಹಾ ಬಗ್ಗಿಸುತ್ತ, ಇದು ನಮ್ಮದೇ, ಬೇಕಾದರೆ ಚೀನಾದವರು ನಮ್ಮಿಂದ ಕಲಿತಿರಬಹುದು ಅಂದರು. ವಾರಕ್ಕೆರಡು ಸಲ ಈ ಜಗಳ ಆಡದಿದ್ದರೆ ಇಬ್ಬರಿಗೂ ಚಹಾ ರುಚಿಸುತ್ತಿರಲಿಲ್ಲ.

ದಸರೆಗೆ ಗೊಂಬೆ ಕೂರಿಸಿದೆ. ಊರಿಂದ ತಂದ ಗೊಂಬೆಗಳು ಎರಡು ಮೆಟ್ಟಿಲಿಗೂ ಸಾಲಲಿಲ್ಲ. ಆಕೆ ತಾವಾಗಿಯೇ ತಟ್ಟೆ ತಂದುಕೊಟ್ಟರು. ಮಾರನೆಯ ಬೆಳಿಗ್ಗೆ ದೀಪ, ಚೊಂಬು ತೊಳೆಯುತ್ತಿದ್ದವಳಿಗೆ ತಟ್ಟೆಯ ಚಿನ್ನವೂ ಮಂಕಾಗಿದೆ ಅನ್ನಿಸಿತು. ಹೊಳೆಯುವುದೇನು ಕಂಡರೂ ಹುಣಸೆಹಣ್ಣು ಹಚ್ಚುವ ಕೈ ನಮ್ಮದು. ಚೆನ್ನಾಗಿ ಉಜ್ಜಿ ತೊಳೆದೆ. ಚಿನ್ನವೆಲ್ಲ ಸಿಂಕಿನಲ್ಲಿ ಹೋಯಿತು. ಡ್ರ್ಯಾಗನ್ ಬರೀ ಕೆಂಪು ಗೆರೆಯಾಗಿ ಉಳಿಯಿತು. ಚಿನ್ನವನ್ನು ಕೊನೆಯಲ್ಲಿ ಮೇಲೆ ಹಚ್ಚುತ್ತಾರೆ, ಉಜ್ಜಿದರೆ ಬಿಡುತ್ತದೆ ಎಂಬುದೂ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು.

ಆಕೆಗೆ ತಮ್ಮ ಮನೆಯದೆಂದು ಉಳಿದದ್ದು ಅದೊಂದೇ. ನನ್ನ ಗಂಡ, ಬೇರೆ ತಟ್ಟೆ ಕೊಡಿಸಿದರಾಯಿತು ಅಂದರು. ರೆಡೊಂಡೊ ಬೀಚಿನ ರಾಕೆಟ್ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಎಲ್ಲಕ್ಕೂ ಸ್ಪೇರ್ ಪಾರ್ಟ್ ಇರುತ್ತದೆ.

ಸಂಜೆ ಆಕೆ ಬಂದಾಗ ತಟ್ಟೆ ಕೈಗಿಟ್ಟು, ನಡೆದದ್ದು ಹೇಳಿ ಅತ್ತುಬಿಟ್ಟೆ. ಆಕೆ ಆ ಗೆರೆಯನ್ನು ತಲೆಯಿಂದ ಬಾಲದವರೆಗೂ ಬೆರಳಿನಿಂದ ಸವರಿದರು.

"ನೀವು ಹೇಳಿದ್ದೇ ಸರಿ, ಇದು ಚೀನಾದಿಂದಲೇ ಬಂದದ್ದು. ಚಿನ್ನ ಹಾಕಿದ್ದು ನಾವು," ಅಂದರು. "ಊರು ಬಿಟ್ಟು ಬಂದವರ ಮೈಮೇಲೆ ಚಿನ್ನ ಎಷ್ಟು ದಿನ ನಿಲ್ಲುತ್ತೆ?"

ಆಗಲೇ ನಾನು ಆಕೆಯ ಬರಿಗೈ ನೋಡಿದ್ದು. ಬಂದ ಹೊಸದರಲ್ಲಿ ಆರು ಚಿನ್ನದ ಬಳೆ ಇದ್ದವು. ಗೊಂಬೆ ನೋಡಲು ಬರುವವರಿಗೆಂದು ಇಟ್ಟಿದ್ದ ಗಾಜಿನ ಬಳೆ ತೊಡಿಸಿದೆ. ಆಕೆ ತಟ್ಟೆಯನ್ನು ತಾವೇ ಪಟ್ಟದ ರಾಜ ರಾಣಿಯರ ಪಕ್ಕದಲ್ಲಿಟ್ಟು, ಇನ್ನು ಚೀನಾದ ಮಾತು ಎತ್ತಬೇಡಿ ಅಂದರು.