ಮೆಣಸಿನಕಾಯಿ ವ್ಯಾಪಾರಿ ಗುರುಸಿದ್ದನ ಕಣ್ಣೀರು

ಗಡಹಿಂಗ್ಲಜದ ಮೆಣಸಿನಕಾಯಿ ಪೇಟೆಯಲ್ಲಿ ಅಳದ ವ್ಯಾಪಾರಿಯೇ ಇರಲಿಲ್ಲ. ಆದರೆ ಗುರುಸಿದ್ದನಷ್ಟು ಅಳುವವನು ಇನ್ನೊಬ್ಬನಿರಲಿಲ್ಲ. 1966ರ ಸುಗ್ಗಿಯಲ್ಲಿ ಅವನ ಎರಡೂ ಕಣ್ಣು ಬೆಳಗಿನಿಂದ ಸಂಜೆಯವರೆಗೆ ಸುರಿಯತೊಡಗಿದವು. ಕೊಂಕಣದ ಗಿರಾಕಿಗಳು ಮಾಲು ಮೂಸುವುದನ್ನು ಬಿಟ್ಟು, ಮಾಲಕನ ಮುಖ ನೋಡಿಯೇ ಖಾರ ಅಳೆದು ಚೀಲ ಎತ್ತಿಸಿದರು.

ಪಕ್ಕದ ಅಂಗಡಿಯ ಸಿದ್ರಾಮ ತಾನೂ ಅಳಬೇಕೆಂದು ಉಳ್ಳಾಗಡ್ಡಿ ಹೆಚ್ಚುತ್ತ ಕೂತು ನೋಡಿದ. ಮಧ್ಯಾಹ್ನಕ್ಕೆ ಅವನ ಕಣ್ಣೀರು ಬತ್ತಿತು.

"ಗುರುಸಿದ್ದಣ್ಣಾ, ಯಾವ ಊರಿನ ಕಾಯಿ ಇದು? ಖರೇ ಹೇಳು."

"ನೂಲದ್ದ. ನಿನ್ನ ಅಂಗಡ್ಯಾಗೂ ಅದ ಐತಿ."

"ಮತ್ತ ನನಗ್ಯಾಕ ಅಳು ಬರವಲ್ದು?"

"ನಿನ್ನ ಹೇಣ್ತಿ ತವರಿಗೆ ಹೋಗ್ಯಾಳ. ಹೆಂಗ ಬರತೈತಿ?"

ಗಿರಾಕಿಯ ಎದುರು ಕಾಯಿಯ ತುದಿ ಕಚ್ಚಿ ತೋರಿಸುವುದು ಪೇಟೆಯ ರೂಢಿ. ಗುರುಸಿದ್ದ ಆರು ತಿಂಗಳಿಂದ ಕಚ್ಚಿರಲಿಲ್ಲ. ಬಾಯಲ್ಲಿ ಗುಳ್ಳೆ ಎದ್ದು ಒಡೆದು, ವಸಡು ಸುಲಿದಿತ್ತು. ಬಾಯಿಗೆ ಹೆಂಡತಿ ಯಮುನವ್ವ ಬೆಣ್ಣೆ ಹಚ್ಚುತ್ತಿದ್ದಳು. ಕಣ್ಣಿನ ತಪ್ಪನ್ನು ಮನೆಮಂದಿಯೆಲ್ಲ ಮೆಣಸಿನಕಾಯಿಯ ಮೇಲೆ ಹೊರಿಸಿದ್ದರು.

ಒಂದು ದಿನ ಅವನು ಬಾಗಿಲಲ್ಲಿ ನಿಲ್ಲಿಸಿದ್ದ ಚೀಲಕ್ಕೆ, "ಬರ್ರಿ ಸಾಹೇಬ್ರ, ಕೂಡ್ರಿ," ಅಂದ. ಚೀಲ ಸುಮ್ಮನಿತ್ತು. ಅವನು ಇನ್ನೊಮ್ಮೆ ಕರೆದ. ಮರುದಿನ ಯಮುನವ್ವ ಅವನನ್ನು ಕೊಲ್ಹಾಪುರದ ಬಸ್ಸು ಹತ್ತಿಸಿದಳು.

ಕಣ್ಣಿನ ಡಾಕ್ಟರ್ ರತ್ನಮಾಲಾಬಾಯಿ ರೆಪ್ಪೆ ಎತ್ತಿ ನೋಡಿದರು. ಆಮೇಲೆ ಬಾಯಿ ತೆರೆಯಲು ಹೇಳಿದರು.

"ಬಾಯಿ ಯಾಕ್ರಿ? ನಾ ಕಣ್ಣ ತೋರಸಾಕ ಬಂದೇನಿ."

"ತೆಗೀರಿ. ಎರಡೂ ಕಡೆ ಒಂದ ರೋಗ ಐತಿ."

ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು, ಬಾಯಿ ಮತ್ತು ಕಣ್ಣಿನ ಒಳಪದರಿನ ಮೇಲೆ ಏರಿ ಹೋಗಿತ್ತು. ಕಣ್ಣಿನ ಹುಣ್ಣು ಮಾಯುವಾಗ ಕಲೆ ಬಿಗಿದು, ರೆಪ್ಪೆಯ ಒಳಗು ಗುಡ್ಡೆಗೆ ಅಂಟುತ್ತಿತ್ತು. ಒಳಕ್ಕೆ ಮಡಚಿದ ರೆಪ್ಪೆಗೂದಲು ಕರಿಗುಡ್ಡೆಯನ್ನು ಕೆರೆಯುತ್ತಿತ್ತು. ನೀರು ಸುರಿಯುತ್ತಿದ್ದದ್ದು ಅದಕ್ಕೆ.

"ಮೆಣಸಿನಕಾಯಿಗೂ ಇದಕ್ಕೂ ಸಂಬಂಧನ ಇಲ್ಲೇನ್ರಿ?" ಗುರುಸಿದ್ದನ ಮುಖ ಸಣ್ಣದಾಯಿತು.

"ಇಲ್ಲ. ಬಲಗಣ್ಣಿನ ನೋಟ ಹೋದದ್ದು ತಿರುಗಿ ಬರೂದಿಲ್ಲ. ಎಡಗಣ್ಣು ಉಳಿಸಿಕೊಳ್ಳಬಹುದು. ಗುಳಿಗಿ ತಗೋಬೇಕು, ಇಲ್ಲಿ ಬಂದು ಕೂದಲಾ ಕೀಳಿಸಬೇಕು. ಕೆರೆಯೂದು ನಿಂತ್ರ ನೀರೂ ಕಡಿಮ್ಯಾಗತೈತಿ."

ನೀರು ನಿಂತರೆ ವ್ಯಾಪಾರದ ಗತಿ ಏನು ಎಂದು ಗುರುಸಿದ್ದ ಯೋಚಿಸುತ್ತ ಕೂತ.

"ಕಣ್ಣ ಬೇಕೋ, ಕಣ್ಣೀರ ಬೇಕೋ?" ಯಮುನವ್ವ ಕೇಳಿದಳು. ಅವನು ಇನ್ನೂ ಲೆಕ್ಕ ಹಾಕುತ್ತಿರುವಾಗ ಅವಳೇ ಡಾಕ್ಟರಿಗೆ, "ಕೀಳ್ರಿ ಬಾಯಾರ," ಅಂದಳು.

ಅಂದಿನಿಂದ ದಿನಾ ಬೆಳಿಗ್ಗೆ, ಡಾಕ್ಟರು ಕಲಿಸಿದಂತೆ, ಅವಳು ಮುಲಾಮು ಸವರಿದ ನುಣುಪು ಗಾಜಿನ ಕಡ್ಡಿಯನ್ನು ರೆಪ್ಪೆಯೊಳಗೆ ಆಡಿಸಿ ಅಂಟು ಬಿಡಿಸತೊಡಗಿದಳು.

"ಮ್ಯಾಲ ನೋಡ್ರಿ."

"ನೋಡಾಕತ್ತೇನಿ."

"ನನ್ನ ಮಾರಿ ಅಲ್ಲ, ತೊಲಿ ನೋಡ್ರಿ."

ಕಣ್ಣೀರು ಕಡಿಮೆಯಾದಂತೆ ಪೇಟೆಯಲ್ಲಿ ಅವನ ಮಾಲು ಸಪ್ಪೆಯಾಯಿತೆಂದು ಸುದ್ದಿ ಹಬ್ಬಿತು. ಅವನು ಒಂದು ವಾರ ಊಟ ಬಿಟ್ಟ. ಗುಳಿಗೆ ಮಾತ್ರ ಅವಳು ಬಿಡಗೊಡಲಿಲ್ಲ.

ಮೂರು ತಿಂಗಳ ಮೇಲೆ ಕೊಲ್ಹಾಪುರದಲ್ಲಿ ಬಲಗಣ್ಣು ಮುಚ್ಚಿಸಿ ಗೋಡೆಯ ಅಕ್ಷರ ಓದಿಸಿದರು. ನಾಲ್ಕು ಸಾಲು ಓದಿದ. ಐದನೆಯದಕ್ಕೆ ನಿಂತ.

"ಏನ ಕಾಣತೈತಿ?"

"ಇರುವಿ ಸಾಲ ಹಚ್ಯಾವ್ರಿ."

ಎಡಗಣ್ಣು ಇದ್ದ ಹಾಗೇ ಇದೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದರು. ಈ ರೋಗದಲ್ಲಿ ಅದೇ ಗೆಲುವು. ಯಮುನವ್ವನಿಗೆ ಮಾತ್ರ ನಂಬಿಕೆ ಸಾಲಲಿಲ್ಲ.

"ಇರುವಿ ಎಷ್ಟ ಅದಾವ, ಎಣಿಸ್ರಿ."

ಗುರುಸಿದ್ದ ಕತ್ತು ಮುಂದೆ ಚಾಚಿದ. "ಐದು."

ಅವಳು ಎದ್ದು ಹೋಗಿ ಗೋಡೆಯ ಐದನೆಯ ಸಾಲಿನ ಅಕ್ಷರಗಳ ಮೇಲೆ ಬೆರಳಿಟ್ಟು ಎಣಿಸಿದಳು. ಐದೇ ಇದ್ದವು.