ಅತ್ತೆ ಕಡಲಿಗೆ ಹೋಗುವ ತಿಂಗಳು

ನಂಜನಗೂಡಿನ ಬಜಾರಿನಲ್ಲಿ ಹಿಂಡಿ ಬೂಸಾ ಮಾರುವ ಅಂಗಡಿಯೊಂದಿದೆ. ತಾಂಡ್ಯದಲ್ಲಿ ಕೆಲಸ ಮುಗಿಸಿ ಕಾರ್ಖಾನೆಯ ಬಸ್ಸಿಳಿದು ಬರುವಾಗ ನಾನು ಬೇಕೆಂದೇ ಎದುರು ಬದಿಯಲ್ಲಿ ನಡೆಯುತ್ತೇನೆ. ಆದರೂ ಕಡಲೆಕಾಯಿ ಹಿಂಡಿಯ ವಾಸನೆ ರಸ್ತೆ ದಾಟಿಕೊಂಡು ಬಂದು ಸೆರಗು ಹಿಡಿಯುತ್ತದೆ. ಮೊನ್ನೆ ಹಾಗೆ ಹಿಡಿದ ಹೊತ್ತಿಗೇ ನಮ್ಮ ಮನೆಯವರ ಫೋನು ಬಂತು. ಮಕ್ಕಳು ಕಡಲು ಕಡಲು ಅಂತ ಕುಣಿಯುತ್ತಿದ್ದಾರೆ, ಗೋಕರ್ಣದ ಕಡೆ ರೂಮು ಬುಕ್ ಮಾಡಬೇಕು, ಯಾವ ತಿಂಗಳು ಚೆನ್ನಾಗಿರುತ್ತದೆ ನೋಡಿ ಹೇಳು ಅಂದರು. ಇದೇನು ಮಹಾ ಪ್ರಶ್ನೆ? ಕೈಯಲ್ಲಿರುವ ಫೋನಿಗೆ ಕೇಳಿದರೆ ನವೆಂಬರಿನಿಂದ ಫೆಬ್ರವರಿ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಆದರೆ ಆವತ್ತು ಸಂಜೆಯೆಲ್ಲ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ. ನಿಮ್ಮ ಮನೆಗಳಲ್ಲೂ ಇಂಥದೊಂದು ಪ್ರಶ್ನೆ ಇರಬಹುದು. ಬೇರೆಯವರಿಗೆ ಸಲೀಸಾದದ್ದು, ನಿಮಗೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು.

ನಮ್ಮ ಮನೆ ಇದ್ದದ್ದು ಟಿ. ನರಸೀಪುರದಿಂದ ಆಚೆಗೆ, ನಾಲೆ ಏರಿಯ ಪಕ್ಕದ ಹಳ್ಳಿಯಲ್ಲಿ. ಇದ್ದದ್ದು ಅನ್ನುತ್ತೇನೆ, ಏಕೆಂದರೆ ಪಾಲಾದ ಮೇಲೆ ಅದನ್ನು ಕೆಡವಿದರು. ಈಗ ಅಲ್ಲಿ ಒಂದಕ್ಕೊಂದು ಬೆನ್ನು ಮಾಡಿಕೊಂಡ ಎರಡು ತಾರಸಿ ಮನೆಗಳಿವೆ, ಕೊಟ್ಟಿಗೆಯ ಜಾಗದಲ್ಲಿ ಕಾರು ನಿಲ್ಲುತ್ತದೆ. ಆಗ ಒಂದೇ ಉದ್ದನೆಯ ಹೆಂಚಿನ ಮನೆ. ಬಾಗಿಲು ದಾಟಿದರೆ ಬಲಕ್ಕೆ ಕೊಟ್ಟಿಗೆ, ಎಡಕ್ಕೆ ಅಡುಗೆ ಮನೆ. ದನದ ಉಸಿರೂ ಒಲೆಯ ಹೊಗೆಯೂ ನಡುಮನೆಯಲ್ಲಿ ಕೂಡಿಕೊಂಡು ನಮ್ಮ ಪುಸ್ತಕಗಳಿಗೆಲ್ಲ ಮೆತ್ತಿಕೊಳ್ಳುತ್ತಿದ್ದವು. ಅಡುಗೆ ಮನೆ ಅವ್ವನದು, ಕೊಟ್ಟಿಗೆ ಚಿಕ್ಕತಾಯಮ್ಮತ್ತೆಯದು. ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹೆಂಗಸು. ಊಟವನ್ನೂ ನಿಂತೇ ಮುಗಿಸಿ ಕೈ ತೊಳೆಯುತ್ತಿದ್ದಳು, ಜಗಲಿಗೆ ಬಂದರೆ ರಸ್ತೆಯ ಎರಡೂ ತುದಿ ನೋಡಿ ಒಳಗೆ ಹೋಗುತ್ತಿದ್ದಳು, ಮತ್ತೆ ಬರುತ್ತಿದ್ದಳು. ಸಂಜೆ ಹಾಲು ಕರೆಯುವ ಹೊತ್ತಿಗೆ ರೇಡಿಯೋದಲ್ಲಿ ಹವಾಮಾನ ಹೇಳುವವನು ಮೊದಲು ಕರಾವಳಿ, ಆಮೇಲೆ ಒಳನಾಡು ಅನ್ನುತ್ತಿದ್ದ. ಕರಾವಳಿ ಅಂದ ಕೂಡಲೇ ಅತ್ತೆಯ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. “ನಮ್ಮುನ್ನ ಒಳ್ಗೇ ಕೂಡಾಕ್ಬುಟ್ಟವ್ರೆ ಕಣೆ ಕೂಸೇ. ಒಂದ್ಸಲ ಆಚೀಗ್ ಓಗಿ, ಆ ನೀರ್ನಲ್ಲಿ ಮೊಣಕಾಲ್ಗಂಟ ನಿಂತ್ಕಂಡು ಬಂದ್ಬುಡ್ಬೇಕು,” ಅನ್ನುತ್ತಿದ್ದಳು. ಅವಳು ಈ ಜನ್ಮದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಆದರೆ ಅವಳನ್ನು ಕಟ್ಟಿಹಾಕಿದ್ದು ಕೆಂದಿ. ಗೂಟಕ್ಕೆ ಕೆಂದಿಯನ್ನು ಅತ್ತೆ ಕಟ್ಟುತ್ತಿದ್ದಳೋ, ಅತ್ತೆಯನ್ನು ಕೆಂದಿ ಕಟ್ಟಿತ್ತೋ ಹೇಳುವುದು ಕಷ್ಟ. ಆ ಹಸು ಅತ್ತೆಯ ಕೈಗಲ್ಲದೆ ಬೇರೆ ಯಾರ ಕೈಗೂ ಒಂದು ತೊಟ್ಟು ಹಾಲು ಇಳಿಸುತ್ತಿರಲಿಲ್ಲ. ಒಮ್ಮೆ ಅತ್ತೆ ತಲಕಾಡಿನ ಕಡೆ ಮದುವೆಗೆ ಹೋದಾಗ ಅವ್ವ ಉಪಾಯ ಮಾಡಿ ಅತ್ತೆಯ ಹಳೆಯ ಸೀರೆ ಸುತ್ತಿಕೊಂಡು, ಅತ್ತೆಯಂತೆಯೇ ಬೈಯುತ್ತ ಕೆಚ್ಚಲಿಗೆ ಕೈ ಹಾಕಿದಳು. ಕೆಂದಿ ಸೀರೆಯನ್ನು ಮೂಸಿ ನೋಡಿತು, ಆಮೇಲೆ ಚೊಂಬನ್ನೂ ಅವ್ವನನ್ನೂ ಒಟ್ಟಿಗೇ ಒದೆಯಿತು. ಮಾರನೆಯ ದಿನ ಅಪ್ಪ ತಲಕಾಡಿಗೆ ಹೋಗಿ, ಬೀಗರೂಟಕ್ಕೂ ಬಿಡದೆ ಅಕ್ಕನನ್ನು ಕರೆತಂದ. ಹೀಗಾಗಿ ಅತ್ತೆ ಎಲ್ಲಿಗಾದರೂ ಹೋಗಬೇಕಾದರೆ ಕೆಂದಿ ಗಬ್ಬವಾಗಿ, ಹಾಲು ಬತ್ತಿದ ಆ ಎರಡು ತಿಂಗಳಲ್ಲೇ ಹೋಗಬೇಕು. ಅಪ್ಪನಿಗೋ ಗದ್ದೆ ಬಿಡುವು ಕೊಡಬೇಕು. ನಾಲೆಗೆ ನೀರು ಬಂದರೆ ನಾಟಿ, ಆಮೇಲೆ ಕಳೆ, ಮಾರ್ಗಶಿರ ಪುಷ್ಯದಲ್ಲಿ ಕುಯ್ಲು, ಒಕ್ಕಣೆ. ಬೇಸಿಗೆ ತುಂಬ ನೆಂಟರಿಷ್ಟರ ಮದುವೆಗಳು. ವರ್ಷವೆಲ್ಲ ಜರಡಿ ಹಿಡಿದರೂ ಕಡಲಿಗೊಂದು ತಿಂಗಳು ಮೇಲೆ ಉಳಿಯುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿಗೆ ಬಂದ ವರ್ಷ ಉಳಿಯಿತು. ಮೃಗಶಿರ ಮಳೆಯ ಸಮಯ, ನಾಲೆ ಒಣಗಿತ್ತು, ಕೆಂದಿ ಹಾಲು ಬತ್ತಿಸಿಕೊಂಡಿತ್ತು. ಮಂಗಳೂರಿಗೆ ಹೆಂಚು ತರಲು ಹೋಗಿ ಬರುತ್ತಿದ್ದ ಲಾರಿ ಡ್ರೈವರ್ ಮಾದಣ್ಣ ಎದುರು ಮನೆಯವನು. ಅವನು ಜಗಲಿಯ ಮೇಲೆ ಕೂತು, “ಈಗ ಬ್ಯಾಡ ಕಣ್ ನಂಜಣ್ಣ, ಆ ಕಡೆ ಮಳೆ ಇಡ್ಕಂಬುಟ್ಟದೆ,” ಅಂದ. ಅಪ್ಪನಿಗೆ ಅದು ಅರ್ಥವಾಗಲೇ ಇಲ್ಲ. ನಮ್ಮ ಕಡೆ ಮಳೆ ಬರುತ್ತದೆ ಅಂತ ಯಾರೂ ಎಚ್ಚರಿಕೆ ಹೇಳುವುದಿಲ್ಲ, ಸಿಹಿಸುದ್ದಿ ಹೇಳುತ್ತಾರೆ. ಆವತ್ತು ಸಂಜೆ ರೇಡಿಯೋದವನೂ ಕರಾವಳಿಯಲ್ಲಿ ಉತ್ತಮ ಮಳೆ ಅಂದ. “ಕೇಳುಸ್ಕಂಡೇನ್ಲಾ ಮಾದ? ಉತ್ತಮ ಅಂತಾವ್ನೆ. ಇನ್ನೇನ್ ಬೇಕ್ಲಾ,” ಅಂತ ಅಪ್ಪ ಗೆದ್ದವನಂತೆ ಎದ್ದ. ಅತ್ತೆಯದು ಇನ್ನೊಂದು ಲೆಕ್ಕಾಚಾರ. ಎರಡು ಹೊಳೆ ಕೂಡುವ ನರಸೀಪುರದ ನಮ್ಮ ಸಂಗಮದಲ್ಲೇ ಈಗ ನೀರು ಸಣಕಲಾಗಿ ಬಂಡೆ ಕಾಣುತ್ತಿದೆ, ಹೊಳೆಗಳೆಲ್ಲ ಹೋಗಿ ಸೇರುವ ಸಮುದ್ರವೂ ಈಗಲೇ ತಗ್ಗಿರಬೇಕು, ಹೆಂಗಸರು ಮಕ್ಕಳು ಇಳಿಯಲು ಇದೇ ಸರಿಯಾದ ಕಾಲ. ಮನೆಯಲ್ಲಿ ಯಾರೂ ಇದಕ್ಕೆ ಎದುರಾಡಲಿಲ್ಲ, ಓದಿದ ನಾನೂ ಸಹ. ಅವ್ವ ಚಕ್ಕುಲಿ ಕರಿದಳು. ಅತ್ತೆ ಮೊಣಕಾಲಿಗೆ ಎತ್ತಿ ಕಟ್ಟಲು ಹಗುರವಾಗಿರಲೆಂದು ಹೊಸ ನೂಲಿನ ಸೀರೆಯೊಂದನ್ನು ಎತ್ತಿಟ್ಟುಕೊಂಡಳು.

ಮಡಿಕೇರಿ ದಾಟಿದ ಮೇಲೆ ಬಸ್ಸಿನ ಕಿಟಕಿಯಲ್ಲಿ ಮಳೆಯಲ್ಲದೆ ಬೇರೇನೂ ಕಾಣಲಿಲ್ಲ. ಮಂಗಳೂರಿನ ಕಡಲ ದಂಡೆಯಲ್ಲಿ ನಾವು ಇಳಿದಾಗ ಹಗಲು ಹನ್ನೊಂದು ಗಂಟೆ, ಬೆಳಕು ಮಾತ್ರ ಮುಸ್ಸಂಜೆಯದು. ಅಂಗಡಿಗಳೆಲ್ಲ ಟಾರ್ಪಾಲು ಹೊದ್ದುಕೊಂಡಿದ್ದವು, ದೋಣಿಗಳನ್ನು ಮೇಲಕ್ಕೆಳೆದು ಕವುಚಿ ಹಾಕಿದ್ದರು. ಸಮುದ್ರ ಕೆಸರು ಬಣ್ಣಕ್ಕೆ ತಿರುಗಿ ಗೋಡೆಯಂತೆ ಎದ್ದು ಬರುತ್ತಿತ್ತು. ಉದ್ದಕ್ಕೂ ಹಗ್ಗ ಎಳೆದು ಕೆಂಪು ಬಾವುಟ ನೆಟ್ಟಿದ್ದರು. ಅತ್ತೆ ಯಾವುದನ್ನೂ ನೋಡಲಿಲ್ಲ. ಕೊಡೆಯನ್ನು ಅವ್ವನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಹಗ್ಗದ ಕೆಳಗೆ ತೂರಲು ಬಗ್ಗಿದಳು. ಕಾವಲಿನವನು ಸೀಟಿ ಊದುತ್ತ ಓಡಿ ಬಂದ. “ಎಂತ ಮಾಡ್ತೀರಿ ಅಮ್ಮ? ಈಗ ನೀರಿಗೆ ಇಳಿಯುವ ಹಾಗಿಲ್ಲ. ಮಳೆಗಾಲದಲ್ಲಿ ಯಾರಾದ್ರೂ ಬರ್ತಾರಾ ಮಾರಾಯ್ರೆ?”

“ಕಾಲ್ ಮಾತ್ರ ನೆನಸ್ಕತೀನಿ ಕಣಪ್ಪ. ಬೋ ದೂರದಿಂದ ಬಂದಿವ್ನಿ.”

“ಆಗುದಿಲ್ಲ. ನವೆಂಬರ್ ಕಳೀಲಿ, ಆಮೇಲೆ ಬನ್ನಿ. ಆಗ ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿ.”

ಅತ್ತೆ ಹಗ್ಗ ಹಿಡಿದುಕೊಂಡು ಒಂದು ಗಂಟೆ ನಿಂತಳು. ಮಳೆಯ ನೀರಿನಲ್ಲೇ ಪೂರ್ತಿ ತೊಯ್ದು ಹೋದಳು, ಸಮುದ್ರದ್ದು ಒಂದು ಹನಿ ಸೋಕಲಿಲ್ಲ. ವಾಪಸು ಬರುವಾಗ ಅವಳು ಅಳುತ್ತಾಳೆಂದು ನಾನು ಕಾದೆ. ಅವಳು ಅಳಲಿಲ್ಲ, ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೆ ಮೆಲ್ಲಗೆ, “ಮಾರ್ಗಶಿರ ಅಂದ್ರೆ ಕೆಂದಿ ಕರ ಆಕಿರ್ತದೆ,” ಅಂದಳು. ಹೌದು, ಕಡಲಿಗೆ ಒಳ್ಳೆಯದಾದ ತಿಂಗಳುಗಳಲ್ಲೇ ನಮಗೆ ಕುಯ್ಲು, ಅವಳಿಗೆ ಹಾಲು. ಆಮೇಲೆ ನಾಲ್ಕು ವರ್ಷ ಅವಳು ಪ್ರತಿ ಕಾರ್ತಿಕದಲ್ಲೂ ಪಂಚಾಂಗ ತೆಗೆಸಿ ನೋಡುತ್ತಿದ್ದಳು. ಕೊಟ್ಟಿಗೆಗೂ ಜಗಲಿಗೂ ಅವಳ ಓಡಾಟ ಹೆಚ್ಚಾಗುತ್ತಿತ್ತು. “ಕುಂಡಿ ಸುಟ್ಟ ಬೆಕ್ಕಾಡ್ದಂಗಾಡ್ತೀಯಲ್ಲ ಅತ್ಗೆ,” ಅಂತ ಅವ್ವ ನಗಾಡುತ್ತಿದ್ದಳು.

ಹತ್ತನೇ ಕ್ಲಾಸಿನ ಡಿಸೆಂಬರಿನಲ್ಲಿ ನಮ್ಮ ಸ್ಕೂಲಿನಿಂದ ಪ್ರವಾಸ ಹೊರಟಿತು. ಮಲ್ಪೆಯಲ್ಲಿ ಬಸ್ಸಿಳಿದಾಗ ಇದು ಅದೇ ಕಡಲೆಂದು ನಾನು ನಂಬಲಿಲ್ಲ. ತಿಳಿ ನೀಲಿ, ಎಳೆ ಬಿಸಿಲು, ಅಲೆಗಳು ಬಂದು ಪಾದ ಮುಟ್ಟಿ ಹೋಗುತ್ತಿದ್ದವು. ಹುಡುಗಿಯರೆಲ್ಲ ಕೈ ಕೈ ಹಿಡಿದು ಇಳಿದೆವು. ನಮ್ಮಿಂದ ಸ್ವಲ್ಪ ಆಚೆಗೆ ಅತ್ತೆಯ ವಯಸ್ಸಿನ ಹೆಂಗಸೊಬ್ಬಳು ಸೀರೆ ಉಟ್ಟುಕೊಂಡೇ ನೀರಿನಲ್ಲಿ ಕೂತುಬಿಟ್ಟಿದ್ದಳು. ಅಲೆ ಬಂದು ಎತ್ತಿದಾಗಲೆಲ್ಲ ಬಾಯಿ ತುಂಬ ನಗುತ್ತಿದ್ದಳು. ನಾನು ಅವಳನ್ನು ನೋಡುತ್ತ ನೋಡುತ್ತ ನೀರಿನಿಂದ ಎದ್ದು ಬಂದು ಬಸ್ಸಿನಲ್ಲಿ ಒಬ್ಬಳೇ ಕೂತೆ. ನನ್ನ ಒದ್ದೆ ಲಂಗದ ಬಗ್ಗೆ ನನಗೇ ನಾಚಿಕೆಯಾಗುತ್ತಿತ್ತು.

ಊರಿಗೆ ಬಂದಾಗ ಅತ್ತೆ ನೆನೆಸಿದ ಹಿಂಡಿಯನ್ನು ಮುಂದಿಟ್ಟು ಕೆಂದಿಯ ಕೆಳಗೆ ಕೂತಿದ್ದಳು. ಕರೆಯುವುದನ್ನು ಅರ್ಧಕ್ಕೇ ಬಿಟ್ಟು, ಚೊಂಬು ಪಕ್ಕಕ್ಕಿಟ್ಟು, ನನ್ನ ಕಡೆ ಪೂರ್ತಿ ತಿರುಗಿದಳು. “ಎಂಗಿತ್ತವ್ವ?” ಅಂದಳು. ಆ ಮುಖ ನೋಡಿ ನನಗೆ ಸಂಕಟವಾಯಿತು. ಇವಳಿಗೆ ಸಿಗದದ್ದನ್ನು ಬಣ್ಣಿಸಿ ಯಾಕೆ ಉರಿಸಲಿ ಅನ್ನಿಸಿತು. “ಏನೂ ಇಲ್ಲ ಕಣತ್ತೆ. ಆವತ್ತಿನ್ ಅಬ್ರ ಎಲ್ಲ ಮಳೇದು, ಮಳೆ ನಿಂತ್ಮೇಲೆ ನಮ್ ಸಂಗಮ ಇದ್ದಂಗೇ ಅದೆ. ವಸಿ ದೊಡ್ಡದು, ಉಪ್ಪು. ಅಷ್ಟೆ,” ಅಂದೆ.

“ಅಷ್ಟೇನಾ?”

“ಅಷ್ಟೆ.”

“ದೂರದ ಬೆಟ್ಟ ನುಣ್ಣಗೆ ಅನ್ನು,” ಅಂದವಳು ಚೊಂಬನ್ನು ಮತ್ತೆ ಮಂಡಿಯ ನಡುವೆ ಸಿಕ್ಕಿಸಿಕೊಂಡಳು. ಸಮಾಧಾನ ಮಾಡಿದೆನೆಂದು ನಾನು ಹಿಗ್ಗಿದೆ. ಮುಂದಿನ ಕಾರ್ತಿಕದಲ್ಲಿ ಅವಳು ಪಂಚಾಂಗ ಕೇಳಲಿಲ್ಲ. ಜಗಲಿಗೂ ಬರುವುದು ಕಡಿಮೆಯಾಯಿತು. ಅತ್ತೆಗೆ ಈಗ ನೆಮ್ಮದಿ ಅಂತ ಮನೆಯಲ್ಲಿ ಮಾತಾಡಿಕೊಂಡರು. ಅದು ನೆಮ್ಮದಿಯಲ್ಲ, ಆಸೆ ಸತ್ತದ್ದು ಅಂತ ನನಗೊಬ್ಬಳಿಗೆ ಗೊತ್ತಿತ್ತು. ಆದರೂ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡೇ ಕಾಲೇಜು ಸೇರಿದೆ.

ನನ್ನ ಡಿಗ್ರಿ ಮುಗಿಯುವ ವರ್ಷದ ಬೇಸಿಗೆಯಲ್ಲಿ ಕೆಂದಿ ಮುದಿಯಾಗಿ ಸತ್ತಿತು. ಅತ್ತೆಯ ಕೈಗೂ ಕಸುವಿರಲಿಲ್ಲವಾದ್ದರಿಂದ ಬೇರೆ ಹಸು ತರಲಿಲ್ಲ. ಆ ಪುಷ್ಯದಲ್ಲಿ ಕುಯ್ಲಿಗೆ ಮಿಷಿನ್ ಬಂತು. ಹದಿನೈದು ದಿನದ ಕೆಲಸ ಒಂದು ಹಗಲಿನಲ್ಲಿ ಮುಗಿಯಿತು. ಆವತ್ತು ಮಧ್ಯಾಹ್ನ ಎಲ್ಲರೂ ಉಣ್ಣುವಾಗ ಅಪ್ಪ ಬಹಳ ಹುರುಪಿನಲ್ಲಿದ್ದ. “ಅಕ್ಕಾ, ಈಗ ಸರ್ಯಾದ್ ಟೈಮು. ಮಳೆ ಇಲ್ಲ, ಅಸ ಇಲ್ಲ, ಗದ್ದೆ ಕೆಲ್ಸನೂ ಇಲ್ಲ. ನಾಳೀಕೇ ಕಾರ್ ಮಾಡುಸ್ತೀನಿ, ಸಮುದ್ರಕ್ ಓಗ್ಬುಟ್ ಬರಾನ,” ಅಂದ. ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ.

ಅತ್ತೆ ಮುದ್ದೆ ಮುರಿಯುತ್ತ ನಕ್ಕಳು. “ಅಲ್ಲೇನಿದ್ದದ್ ಬುಡ್ಲಾ ನಂಜ. ನಮ್ ಸಂಗಮ ಇದ್ದಂಗೇ ಅಂತೆ. ಮಗ ಓಗಿ ಕಣ್ಣಾರ ನೋಡ್ಕಂಡ್ ಬಂದವ್ಳೆ, ಅವ್ಳೇನ್ ಸುಳ್ಳೇಳಾಳಾ?” ಅಂದು, ನನ್ನ ಕಡೆ ಮುಖ ಎತ್ತಿ, “ಅಲ್ವೇನವ್ವ?” ಅಂದಳು.

ಎಲ್ಲರೂ ನನ್ನನ್ನು ನೋಡಿದರು. ಅಷ್ಟು ವರ್ಷದ ಸುಳ್ಳನ್ನು ಅಷ್ಟು ಜನರ ಮುಂದೆ ಹೇಗೆ ಬಿಚ್ಚುವುದೋ ನನಗೆ ತಿಳಿಯಲಿಲ್ಲ.

“ಹೂಂ ಅತ್ತೆ,” ಅಂದೆ.

ಅಪ್ಪ ಕಾರಿನ ಮಾತು ಬಿಟ್ಟ. ಅತ್ತೆ ಇನ್ನೊಂದು ಸೌಟು ಸಾರು ಬಿಡಿಸಿಕೊಂಡಳು. ಮುಂದಿನ ಶ್ರಾವಣದ ಹೊತ್ತಿಗೆ ಅವಳಿರಲಿಲ್ಲ.