ಹೊದಿಕೆಯ ಕೆಳಗಿನ ಬೆರಳು

ನಮ್ಮ ಟೈಪಿಂಗ್ ಮೇಷ್ಟ್ರ ಬೆರಳ ತುದಿಗಳು ಸುತ್ತಿಗೆಯಿಂದ ಬಡಿದ ಹಾಗೆ ಚಪ್ಪಟೆಯಾಗಿದ್ದವು. ಹರಿಹರದ ತಮ್ಮ ಇನ್‌ಸ್ಟಿಟ್ಯೂಟಿನಲ್ಲಿ ನಮ್ಮ ಕೈಗಳ ಮೇಲೆ ಬಿಳಿ ಬಟ್ಟೆ ಹೊದಿಸಿ, "ಕಣ್ಣಿಗೆ ಕೆಲ್ಸ ಕೊಡಬ್ಯಾಡ, ಬೆರಳಿಗೆ ಗೊತ್ತೈತೆ" ಎನ್ನುತ್ತಿದ್ದರು. ಅಲ್ಲಿ ಕಲಿತದ್ದರಿಂದಲೇ ನನಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಮೊದಲ ಕೆಲಸ ಸಿಕ್ಕಿದ್ದು. ಆಮೇಲೆ ಅಲ್ಲೇ ಹಳೆ ಕಂಪ್ಯೂಟರುಗಳ ಅಂಗಡಿ ಇಟ್ಟೆ.

ತೊಂಬತ್ತರ ದಶಕದ ಕೊನೆಗೆ ಗಂಟಲಿನ ಆಪರೇಷನ್ ಆಗಿ ಮೇಷ್ಟ್ರ ಮಾತು ಹೋಯಿತು. ಉಸಿರಾಟಕ್ಕೆ ಕತ್ತಿನಲ್ಲೊಂದು ತೂತು, ಅದರಲ್ಲಿ ಒಂದರೊಳಗೊಂದು ಕೂತ ಎರಡು ನಳಿಕೆ. ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಟೈಪಿಂಗ್ ಕೀಲಿಗಳ ಮೇಲೆ ಮಾತ್ರ ಇಲ್ಲ. ಹಾಗಾಗಿ ಮುಂಬೈ ವ್ಯಾಪಾರಿಯೊಬ್ಬನ ಹತ್ತಿರ ಚೌಕಾಸಿ ಮಾಡಿ, ವಿಂಡೋಸ್ ಬದಲು ಲಿನಕ್ಸ್ ಹಾಕಿದ ಅಂಗೈಯಗಲದ ಕಂಪ್ಯೂಟರ್ ತಂದುಕೊಟ್ಟೆ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದು ಮಾತಾಡತೊಡಗಿದರು. ಆದರೆ ಪ್ರತಿ ಸಲ ಆನ್ ಮಾಡಿದಾಗ ಡೆಸ್ಕ್‌ಟಾಪಿನ ಚಿತ್ರಗಳೆಲ್ಲ ಮೂಡುವವರೆಗೆ ಕಾಯಬೇಕು. ಹಳೆ ಮಾಲು ಕೊಳ್ಳುವವರು ಇದೊಂದು ನೆನಪಿಡಿ: ಆಫ್ ಮಾಡಿ, ಆನ್ ಮಾಡಿ ನೋಡದೆ ಒಪ್ಪಿಕೊಳ್ಳಬೇಡಿ.

"ಮುಂಚೆ ಥಟ್ ಅಂತ ಬೈತಿದ್ರು. ಈಗ ಬೈಸ್ಕೊಳ್ಳಾಕೂ ಕಾಯ್ಬೇಕು ನೋಡಪ್ಪ" ಎಂದು ಮೇಷ್ಟ್ರ ಹೆಂಡತಿ ನಕ್ಕರು.

ಮೇಷ್ಟ್ರು ಹೊಡೆದರು: "ಚಿತ್ರ ಬ್ಯಾಡ. ಅಕ್ಷರ ಸಾಕು."

ಶುರುವಾದ ಕೂಡಲೇ ಬರೀ ಕಪ್ಪು ತೆರೆ, ಬಿಳಿ ಅಕ್ಷರ ಬರುವಂತೆ ಮಾಡಲು ಅದರ ಸೆಟ್ಟಿಂಗಿನಲ್ಲಿ ಒಂದೇ ಒಂದು ಅಂಕಿ ಬದಲಿಸಬೇಕಿತ್ತು: ಐದಿದ್ದಲ್ಲಿ ಮೂರು. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಅದಕ್ಕೆ ಕೂತೆವು.

"ನೋಡಿ ಹೊಡೀರಿ ಸಾರ್, ಕೀಲಿ ಭಾಳ ಸಣ್ಣವು" ಎಂದೆ. ಅವರು ಕೇಳುವವರೇ? ಎಂದಿನಂತೆ ಗೋಡೆ ನೋಡುತ್ತ ಹೊಡೆದರು. ದೊಡ್ಡ ಯಂತ್ರಕ್ಕೆ ಪಳಗಿದ ಬೆರಳು ಮೂರನ್ನು ದಾಟಿ ಹೋಯಿತು, ಬಿದ್ದದ್ದು ಆರು. ನಾನು ಗಮನಿಸುವ ಮೊದಲೇ ಆಫ್ ಮಾಡಿ ಆನ್ ಮಾಡಿದ್ದರು. ಆ ಅಂಕಿಯ ಅರ್ಥ, ಶುರುವಾದ ತಕ್ಷಣ ಮತ್ತೆ ಮೊದಲಿಂದ ಶುರುವಾಗು ಎಂದು. ತೆರೆ ಬೆಳಗುತ್ತಿತ್ತು, ಕತ್ತಲಾಗುತ್ತಿತ್ತು, ಮತ್ತೆ ಬೆಳಗುತ್ತಿತ್ತು. ಒಂದಕ್ಷರ ಹೊಡೆಯಲು ಬಿಡುತ್ತಿರಲಿಲ್ಲ.

ನಾನು ಅದರೊಡನೆ ಪರದಾಡುತ್ತಿರುವಾಗಲೇ ಮೇಷ್ಟ್ರ ಕತ್ತಿನಿಂದ ಸೀಟಿಯಂಥ ಸದ್ದು ಬಂತು. ಆಮೇಲೆ ಅದೂ ನಿಂತಿತು. ತುಟಿ ನೀಲಿಯಾದವು.

"ಏನಾತ್ರಿ? ಏನ್ ಬೇಕ್ರಿ?" ಹೆಂಡತಿ ಅವರ ಭುಜ ಅಲುಗಿಸಿದರು.

ಮೇಷ್ಟ್ರು ಮೇಜಿನ ಮೇಲೆ ಬೆರಳು ಬಡಿದರು. ಒದ್ದಾಟ ಎಂದುಕೊಂಡೆ. ಮತ್ತೆ ಅದೇ ಬೆರಳು, ಅದೇ ಜಾಗ. ಎಡ ತೋರುಬೆರಳು ಮೇಲಿನ ಸಾಲಿಗೆ. ಬಲ ತೋರುಬೆರಳು ಮೇಲೆ. ಎಡದ್ದೇ ಕೆಳಗೆ. ಎಡ ನಡುಬೆರಳು ಮೇಲೆ. ನನಗಿಂತ ಮೊದಲು ನನ್ನ ಬೆರಳುಗಳು ಓದಿದವು: ಟಿ, ಯು, ಬಿ, ಇ. ಟ್ಯೂಬ್.

ಒಳಗಿನ ನಳಿಕೆ ಹಿಡಿದು ಎಳೆದೆ. ಗಟ್ಟಿ ಕಫ ಅಂಟಿ ಮುಚ್ಚಿಹೋಗಿತ್ತು. ಉಸಿರು ಬಂತು.

ಸುಧಾರಿಸಿಕೊಂಡ ಮೇಲೆ, ಯಂತ್ರ ಶುರುವಾಗುವ ಕ್ಷಣದಲ್ಲೇ ಮೂರು ಕೊಟ್ಟು ಅದನ್ನೂ ದಾರಿಗೆ ತಂದೆವು. ಕಪ್ಪು ತೆರೆಯಲ್ಲಿ ಅವರು ಹೊಡೆದ ಮೊದಲ ಸಾಲು: "ಓದೋದು ಭಾಳ ನಿಧಾನ. ಜೂನಿಯರ್ ಪರೀಕ್ಷೆ ಹೆಂಗ್ ಪಾಸಾದಿ?"

ಮರುವರ್ಷ ಹಾಸಿಗೆ ಹಿಡಿದರು. ಕೊನೆಯ ದಿನ ಯಂತ್ರ ಮುಟ್ಟುವ ಶಕ್ತಿಯೂ ಇರಲಿಲ್ಲ. ಬಿಳಿ ಹೊದಿಕೆಯ ಕೆಳಗೆ ಬೆರಳುಗಳು ಆಡುತ್ತಿದ್ದವು. ಏನೋ ಹೇಳುತ್ತಿದ್ದಾರೆಂದು ನನಗೆ ಹೊಳೆಯಿತು. ಹೊದಿಕೆ ಸರಿಸುವಷ್ಟರಲ್ಲಿ ಅವು ನಿಂತಿದ್ದವು.